ಗೆರೆಯ ಆ ಕಡೆ ಬಾವಿ, ಈ ಕಡೆ ಒಂಟೆ

ಕಲ್ಲು ಬಿರಿಯುವ ಸದ್ದು ಕಡಕ್ ರೊಟ್ಟಿ ಮುರಿದ ಸದ್ದಿನ ಹಾಗೆಯೇ ಇರುತ್ತದೆ. ಚೆಂದಕ್ಕೆಂದು ಹೇಳುತ್ತಿರುವ ಹೋಲಿಕೆ ಇದಲ್ಲ. ಕಮಲಾಪುರದಿಂದ ಬಂದ ಮೇಲೆ, ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಯಾರಾದರೂ ಕಡಕ್ ರೊಟ್ಟಿ ಮುರಿದರೆ ನಾನು ಗೋಡೆಯ ಕಡೆ ಸರಿಯುತ್ತೇನೆ. ನನ್ನ ಪಾಲಿನ ರೊಟ್ಟಿಯನ್ನು ಮೊದಲೇ ಬೇಳೆಯಲ್ಲಿ ಅದ್ದಿಟ್ಟು, ಅದು ಸದ್ದು ಮಾಡುವ ಶಕ್ತಿ ಕಳೆದುಕೊಂಡ ಮೇಲೆ ತಿನ್ನುತ್ತೇನೆ. ರುಚಿ ಅಷ್ಟೇನೂ ಕೆಡುವುದಿಲ್ಲ.

ನಾವು ಏಳು ಮಂದಿ ಆ ಭಾನುವಾರ ಕಮಲಾಪುರಕ್ಕೆ ಹೋದದ್ದು ಜಗತ್ತಿನ ಎಲ್ಲ ಕಾರ್ಟೂನ್ ಸಿನಿಮಾಗಳಲ್ಲಿ ಮೊದಲನೆಯ ಸ್ಥಾನ ಯಾವುದಕ್ಕೆ ಎಂದು ತೀರ್ಮಾನಿಸುವುದಕ್ಕೆ. ಹೀಗೆ ಹೇಳಿದರೆ ಕೇಳಿದವರು ಸಿನಿಮಾದ ಹೆಸರು ಕೇಳುವುದಿಲ್ಲ, ನಮ್ಮ ವಯಸ್ಸು ಕೇಳುತ್ತಾರೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು. ನನಗೂ ಕನ್ನಡಕ ಬಂದಿದೆ.

ಮಂಡಳಿಯನ್ನು ಶುರುಮಾಡಿದವರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾಹುಕಾರರು. ಮೊಮ್ಮಗಳನ್ನು ಕರೆದುಕೊಂಡು ಒಂದು ಕಾರ್ಟೂನ್ ಸಿನಿಮಾಕ್ಕೆ ಹೋಗಿದ್ದರಂತೆ. ಮೊಮ್ಮಗಳಿಗೆ ಬೇಸರವಾಗಿ ನಿದ್ದೆ ಬಂತು. ಸಾಹುಕಾರರು ಕೊನೆಯವರೆಗೆ ಕುಳಿತು, ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಳುತ್ತಾ ಹೊರಗೆ ಬಂದರು. ಆಟೋದವನು ಮಗುವಿಗೆ ಏನೋ ಆಗಿದೆ ಎಂದು ತಿಳಿದು ನೇರವಾಗಿ ದವಾಖಾನೆಗೆ ಗಾಡಿ ಹೊಡೆದ. ಆ ಮೇಲೆ ಅವರು ತಮ್ಮಂಥವರನ್ನು ಹುಡುಕತೊಡಗಿದರು. ಭಾನುವಾರ ಅಂಗಡಿ ಮುಚ್ಚಿದಾಗ ಮಹಡಿಯ ಗೋದಾಮಿನಲ್ಲಿ, ಬಟ್ಟೆ ಗಂಟುಗಳ ನಡುವೆ ಸಿನಿಮಾ ಹಾಕುತ್ತಿದ್ದರು. ನಾವು ಗಂಟುಗಳ ಮೇಲೆ ಕೂರುತ್ತಿದ್ದೆವು. ಅಕ್ಕಪಕ್ಕದ ಅಂಗಡಿಯವರು ನಮಗಿಟ್ಟ ಹೆಸರು ಕಾರ್ಟೂನ್ ಭಜನಿ.

ಸಾಹುಕಾರರ ಅಳತೆಗೋಲು ಒಂದೇ. "ಪಿಕ್ಚರ್ ಅಂದ್ರ ಏನ್ರಿ, ಬಟ್ಟಿ ಹೆಂಗ ಬೀಳತದ ನೋಡಬೇಕು. ಮಾರಿ ಯಾರರೆ ತೆಗೀತಾರ. ನೆರಿಗಿ ತೆಗಿಯೋರು ಎಲ್ಲವ್ರ?" ಎನ್ನುತ್ತಿದ್ದರು. ರಾಕ್ಷಸ ಬಂದು ಊರನ್ನೇ ನುಂಗುತ್ತಿದ್ದರೂ ಅವರು ರಾಕ್ಷಸನ ಧೋತರದ ಅಂಚು ನೋಡುತ್ತಿದ್ದರು.

ಎರಡನೆಯವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ಕೈಯಿಂದ ಬರೆದ ಚಿತ್ರವಾದರೆ ಮಾತ್ರ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಉಳಿದದ್ದಕ್ಕೆ ಅದನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು, "ಕಂಪ್ಯೂಟರ್ ತೆಗದದ್ದು ಕಂಪ್ಯೂಟರೇ ನೋಡ್ಲಿ" ಎಂದು ಕಣ್ಣು ಮುಚ್ಚುತ್ತಿದ್ದರು. ಮೂರನೆಯವರು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಆಪಾ. ಎಲ್ಲರಿಗೂ ಅವರು ಆಪಾನೇ, ಅವರಿಗಿಂತ ಹಿರಿಯರಾದ ಮಾಸ್ತರರಿಗೂ. ಆಪಾ ನೀರು ನೋಡುತ್ತಿದ್ದರು. ಚಿತ್ರದಲ್ಲಿ ನೀರು ನೀರಿನ ಹಾಗೆ ಹರಿದರೆ ಪಾಸು. "ಕುದಿಯೋ ನೀರು ತೆಗದು ತೋರಸ್ರಿ, ಬಾಕಿ ಸಬ್ ಬಾತಾಂ, ಬರೇ ಮಾತು" ಎಂಬುದು ಅವರ ತೀರ್ಪು. ಇನ್ನು ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ. ಗಂಡ ಪ್ರತಿ ಸಿನಿಮಾದ ಬಗ್ಗೆ ಇಂಟರ್ನೆಟ್ಟಿನಲ್ಲಿ ಅಭಿಮಾನಿಗಳು ಬರೆದದ್ದನ್ನೆಲ್ಲ ಓದಿಕೊಂಡು ಬಂದು ತಮ್ಮ ಅಭಿಪ್ರಾಯವೆಂದು ಹೇಳುತ್ತಿದ್ದರು. ಹೆಂಡತಿ ಅದಕ್ಕೆ ವಿರುದ್ಧವಾದದ್ದನ್ನು ಓದದೆಯೇ ಹೇಳುತ್ತಿದ್ದರು. ಮತ ಹಾಕುವಾಗ ಗಂಡ ಹೆಂಡತಿ ಒಂದೇ ಕಡೆ ನಿಂತದ್ದು ಅಪರೂಪ.

ಆರನೆಯವಳು ನಮ್ಮ ಅಕ್ಕ. ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಮಾಡುತ್ತಾಳೆ. ಅವಳ ಪ್ರಕಾರ ಪ್ರಾಣಿಗಳು ಮಾತಾಡುವ ಸಿನಿಮಾ ಸಿನಿಮಾನೇ ಅಲ್ಲ. ನಮ್ಮ ಹತ್ತು ಸಿನಿಮಾಗಳ ಪಟ್ಟಿಯಲ್ಲಿ ಹತ್ತನೆಯ ಸ್ಥಾನಕ್ಕೆ ಕೊಡೆ ರಿಪೇರಿ ಮಾಡುವ ಕಪ್ಪೆಯ ಸಿನಿಮಾ ಬಂದಾಗ, "ಮಾತಾಡೋ ಕಪ್ಪಿ ನಮ್ಮ ಕೋರ್ಟಿನ್ಯಾಗ ಭಾಳ ಅವ, ಅವಕ್ಕ ನಂಬರ್ ಯಾಕ ಕೊಡಬೇಕು?" ಎಂದು ಒಂದೇ ಮಾತಿನಲ್ಲಿ ಅದನ್ನು ಹೊರಗೆ ಹಾಕಿಸಿದಳು. ಆ ಕಪ್ಪೆ ನನಗೆ ಇಷ್ಟವಾಗಿತ್ತು.

ಏಳನೆಯವಳು ನಾನು, ಒಂದು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ.

ಸಿನಿಮಾಗಳ ನಿಜವಾದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ದೂರದ ದೇಶದವು, ನಾಲಿಗೆ ತಿರುಗುತ್ತಿರಲಿಲ್ಲ. ಕಪ್ಪಿ ಪಿಕ್ಚರ್, ಸೂಜಿ ಪಿಕ್ಚರ್, ಬಾವಿ ಪಿಕ್ಚರ್ ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ನಾನು ನಿಜವಾದ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರೂ ಜಗಳಕ್ಕೆ ಬರುತ್ತಾರೆ. ನಮ್ಮ ಏಳು ಜನರ ಜಗಳವೇ ಸಾಕಾಗಿದೆ.

ಗೆರೆಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಆದದ್ದು ಅದರಿಂದಲೇ. ಮೊದಮೊದಲು ಕೈ ಎತ್ತಿ ಮತ ಹಾಕುತ್ತಿದ್ದೆವು. ಸಾಹುಕಾರರು ಎರಡೂ ಕೈ ಎತ್ತುತ್ತಿದ್ದರು. ಕೇಳಿದರೆ, "ಒಂದು ನಂದು, ಒಂದು ನಮ್ಮ ಮನಿಯಾಕಿದು. ಆಕಿಗಿ ಕಾಲು ನೋವು, ಮೆಟ್ಟಲಾ ಏರಂಗಿಲ್ಲ" ಎನ್ನುತ್ತಿದ್ದರು. ಕಾಲು ನೋವಿಗೆ ಕೈ ಎತ್ತುವುದನ್ನು ಅಕ್ಕ ಒಪ್ಪಲಿಲ್ಲ. ಆಗ ಮಾಸ್ತರರು ಅಂಗಡಿಯಿಂದ ದರ್ಜಿ ಸುಣ್ಣ ತಂದು ಗೋದಾಮಿನ ನೆಲದ ಮೇಲೆ ಒಂದು ಗೆರೆ ಎಳೆದರು. ಅವರು ಕೈಯಿಂದ ಎಳೆದ ಗೆರೆ ಸ್ಕೇಲಿನಿಂದ ಎಳೆದದ್ದಕ್ಕಿಂತ ನೆಟ್ಟಗಿರುತ್ತದೆ. ಒಂದು ಸಿನಿಮಾದವರು ಈ ಕಡೆ, ಇನ್ನೊಂದರವರು ಆ ಕಡೆ. ಒಬ್ಬರಿಗೆ ಎರಡು ಕೈ ಇರಬಹುದು, ದೇಹ ಒಂದೇ. ಗೆರೆಯ ಎರಡೂ ಕಡೆಯಿಂದ ವಾದ ನಡೆಯಬೇಕು. ಮನಸ್ಸು ಬದಲಾದವರು ದಾಟಬಹುದು. ಮಾತು ಮುಗಿದ ಮೇಲೆ ಮಾಸ್ತರರು "ಗೆರಿ ಗಟ್ಟಿ" ಎನ್ನಬೇಕು. ಅಂದ ಮೇಲೆ ಯಾರೂ ದಾಟುವಂತಿಲ್ಲ. ಯಾವ ಕಡೆ ಎಷ್ಟು ಮಂದಿ ಇದ್ದಾರೋ ಅದೇ ಫಲಿತಾಂಶ.

ಚಳಿಗಾಲದಿಂದ ಹೀಗೆ ಹತ್ತನೆಯದರಿಂದ ಶುರುಮಾಡಿ ಮೇಲೆ ಮೇಲೆ ಬಂದೆವು. ಬಿಸಿಲು ಏರುವ ಹೊತ್ತಿಗೆ ಎರಡೇ ಉಳಿದಿದ್ದವು.

ಬಾವಿ ಪಿಕ್ಚರ್ ಅಕ್ಕನದು. ಒಂದು ಊರಿಗೆ ನಲ್ಲಿ ಬರುತ್ತದೆ. ಊರ ಬಾವಿಯೊಳಗೆ ಯಾರೂ ಇಣುಕದಂತಾಗುತ್ತದೆ. ಬಾವಿ ಬೇಸರಪಟ್ಟು ಎದ್ದು ಹೊರಗೆ ಬಂದು, ತನ್ನ ನೀರು ತುಳುಕಿಸುತ್ತಾ ನಡೆದುಹೋಗುತ್ತದೆ. ಒಬ್ಬ ಮುದುಕಿ ಖಾಲಿ ಕೊಡ ಹಿಡಿದು ಅದರ ಹಿಂದೆ ಹೋಗುತ್ತಾಳೆ. ತಿರುಗಿ ಬಾ ಎಂದು ಅವಳು ಒಮ್ಮೆಯೂ ಕೇಳುವುದಿಲ್ಲ. ಅಕ್ಕನಿಗೆ ಹಿಡಿಸಿದ್ದು ಅದು.

ಒಂಟೆ ಪಿಕ್ಚರ್ ನನ್ನದು. ಒಂದು ಮುದಿ ಒಂಟೆಯ ನೆರಳನ್ನು ಅದರ ಮಾಲೀಕ ವ್ಯಾಪಾರಿಗೆ ಮಾರುತ್ತಾನೆ. ನೆರಳಿಲ್ಲದ ಒಂಟೆ ತನ್ನ ನೆರಳನ್ನು ಹುಡುಕಿಕೊಂಡು ಮರಳಿನ ಮೇಲೆ ಹೋಗುತ್ತದೆ. ಅದೂ ಮಾತಾಡುವುದಿಲ್ಲ. ಕಲಬುರಗಿಯಲ್ಲಿ ಮೇ ತಿಂಗಳು ಕಳೆದ ಯಾರಿಗೂ ಆ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ ಎಂಬುದು ನನ್ನ ವಾದವಾಗಿತ್ತು.

"ಮದಲನೇ ನಂಬರಿನ ನಿಕಾಲ್ ಗೋದಾಮಿನ್ಯಾಗ ಮಾಡೋದು ಬರೋಬರಿ ಅಲ್ಲ. ನಮ್ಮೂರಿಗಿ ನಡೀರಿ. ಮಾಳಗಿ ಮ್ಯಾಲ ಮಾಡಮು. ಗೆದ್ದ ಪಿಕ್ಚರ್ ಕತ್ತಲಾದಮ್ಯಾಗ ಅಲ್ಲೇ ಹಚ್ಚಮು" ಎಂದರು ಸಾಹುಕಾರರು. ಅವರ ಊರು ಕಮಲಾಪುರ. ಹಳೆಯ ಮನೆಯೂ ಕೆಂಪು ಬಾಳೆಯ ತೋಟವೂ ಅಲ್ಲಿವೆ. ಹಾಗೆ ನಾವು ಒಂದು ಪ್ರೊಜೆಕ್ಟರನ್ನೂ ಪರದೆಗೆಂದು ಸಾಹುಕಾರರು ಅಂಗಡಿಯಿಂದ ತಂದ ಬಿಳಿ ಬಟ್ಟೆಯ ಥಾನನ್ನೂ ಮಡಿಲಲ್ಲಿ ಇಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಹೋದೆವು. ಕಂಡಕ್ಟರ್ ಯಾರ ಮದುವೆ ಎಂದು ಕೇಳಿದ. ಮಾಸ್ತರರು, "ಇನ್ನೂ ತೀರ್ಮಾನ ಆಗಿಲ್ಲ" ಎಂದರು.

ಊಟ ಜೋರಾಗಿತ್ತು. ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಕಡಕ್ ರೊಟ್ಟಿ. ಆಗ ನಾನೂ ರೊಟ್ಟಿಯನ್ನು ಎಲ್ಲರ ಹಾಗೆ ಮುರಿದೇ ತಿನ್ನುತ್ತಿದ್ದೆ. ಊಟವಾದ ಮೇಲೆ ಸಾಹುಕಾರರು ಹಿತ್ತಲಿನಲ್ಲಿ ಬಾಳೆಗೊನೆ ಹಣ್ಣಿಗೆ ಹಾಕುವ ಪಡಸಾಲೆ ತೋರಿಸಿದರು. ಹುಲ್ಲಿನ ಮೇಲೆ ಗೊನೆಗಳು. ಅವುಗಳ ಪಕ್ಕದಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಕಬ್ಬಿಣದ ನೇಗಿಲನ್ನು ರಿಪೇರಿಗೆಂದು ಮಗುಚಿ ಇಟ್ಟಿದ್ದರು. ಅದರ ಹಲ್ಲುಗಳೆಲ್ಲ ಮೇಲೆ ನೋಡುತ್ತಿದ್ದವು. ನಾನು ಅದನ್ನು ನೋಡಿದೆ. ನೋಡದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ. ಉಳಿದವರು ಬಾಳೆಹಣ್ಣು ನೋಡುತ್ತಿದ್ದರು.

ಬಿಸಿಲು ಇಳಿದ ಮೇಲೆ ಮಾಳಿಗೆ ಹತ್ತಿದೆವು. ಮನೆಯ ಮೇಲೆ ಹಳೆಯ ಮಣ್ಣಿನ ಮಾಳಿಗೆ, ಅಗಲವಾಗಿ, ದಪ್ಪವಾಗಿ. ಅದಕ್ಕೆ ಹತ್ತಿಕೊಂಡು ನಾಲಿಗೆ ಚಾಚಿದ ಹಾಗೆ ಹಿತ್ತಲಿನ ಕಡೆ ಹೋಗಿರುವುದು ಪಡಸಾಲೆಯ ಮೇಲಿನ ಭಾಗ. ಎರಡು ಕಬ್ಬಿಣದ ತೊಲೆಗಳ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಸಿದ್ದರು. ಸಣ್ಣ ಓಣಿಯಷ್ಟೇ ಅಗಲ. ಕೊನೆಯಲ್ಲಿ ಮೊಣಕಾಲೆತ್ತರದ ಗೋಡೆ. ಮಣ್ಣು ಮುಗಿದು ಕಲ್ಲು ಶುರುವಾಗುವಲ್ಲಿ ನೆಟ್ಟಗಿನ ಒಂದು ಸಂದು ಇತ್ತು.

ಮಾಸ್ತರರು ಸುಣ್ಣ ತೆಗೆದರು. ಮಣ್ಣಿನ ಮೇಲೆ ಸುಣ್ಣ ಹತ್ತಲಿಲ್ಲ. ಅವರು ಸುತ್ತ ನೋಡಿ ಆ ಸಂದನ್ನು ಮೆಚ್ಚಿಕೊಂಡರು. "ಇಲ್ಲೇ ಗೆರಿ ಅದಲ್ಲ! ಯಾರೋ ಪುಣ್ಯಾತ್ಮ ನಮ್ಮ ಸಲುವಾಗೇ ಬಿಟ್ಟಾನ" ಎಂದು ಅದರ ಅಂಚಿಗೆ ಕಲ್ಲಿನ ಮೇಲೆ ಸುಣ್ಣ ಎಳೆದರು. ಕಲ್ಲಿನ ಕಡೆ ಬಾವಿ, ಮಣ್ಣಿನ ಕಡೆ ಒಂಟೆ. ಯಾವುದಕ್ಕೆ ಯಾವ ಕಡೆ ಎಂದು ಯಾರೂ ಯೋಚಿಸಲಿಲ್ಲ. ಅಕ್ಕ ಆ ಕಡೆ ಮೊದಲು ಹೋಗಿ ನಿಂತಿದ್ದಳು, ಗಾಳಿ ಛಲೋ ಬರುತ್ತದೆ ಎಂದು.

ಮೊದಲಿಗೆ ಬಾವಿಯ ಕಡೆ ಮೂವರು: ಅಕ್ಕ, ಮಾಸ್ತರರು, ಬ್ಯಾಂಕಿನ ಗಂಡ. ಒಂಟೆಯ ಕಡೆ ನಾಲ್ವರು: ನಾನು, ಆಪಾ, ಸಾಹುಕಾರರು, ಬ್ಯಾಂಕಿನ ಹೆಂಡತಿ. ನಾನು ಗೆಲ್ಲುತ್ತಿದ್ದೆ.

ಅಕ್ಕ ಗಂಟಲು ಸರಿಮಾಡಿಕೊಂಡಳು. "ಸಾವ್ಕಾರ್ರ, ಒಂಟಿ ಪಿಕ್ಚರಿನ್ಯಾಗ ಬಟ್ಟಿ ಎಷ್ಟದ? ಒಂದು ಕಂಬಳಿ. ಬಾವಿ ಪಿಕ್ಚರಿನ್ಯಾಗ ಮುದುಕಿ ಸೆರಗು ನೆನಪದನೂ? ಬಾವಿ ಮುಂದ ಹೊಂಟಾಗ ಗಾಳಿಗಿ ಸೆರಗು ಹಿಂದ ಹೋಗಂಗಿಲ್ಲ, ಮುಂದ ಹೋಗತದ. ಬಾವಿ ಎಳಕೊಂಡು ಹೊಂಟದ ಆಕಿನ್ನ. ಅದನ್ನ ಸೆರಗಿನ್ಯಾಗ ತೋರಿಸ್ಯಾನ."

ಸಾಹುಕಾರರು ಬಹಳ ಹೊತ್ತು ಆಕಾಶ ನೋಡಿದರು. "ಯಪ್ಪಾ, ಖರೇ ಅದ" ಎಂದು ಗೆರೆ ದಾಟಿದರು. ಅವರದು ಭಾರದ ಶರೀರ. ಕಲ್ಲು ಏನೂ ಅನ್ನಲಿಲ್ಲ. ಅವರ ಹಿಂದೆ ಬ್ಯಾಂಕಿನ ಹೆಂಡತಿ, "ಇವತ್ತ ಒಂದಿನ ನಿಮ್ಮ ಬಾಜೂ ನಿಂದರತೀನಿ, ರೂಢಿ ಮಾಡಕೋಬ್ಯಾಡ್ರಿ" ಎಂದು ಗಂಡನಿಗೆ ಹೇಳಿ ದಾಟಿದರು. ಕಲ್ಲಿನ ಮೇಲೆ ಐದು ಮಂದಿ ಆದರು. ಈ ಕಡೆ ನಾನು, ಆಪಾ.

"ಬಾರ ತಂಗಿ" ಎಂದಳು ಅಕ್ಕ ತುದಿಯ ಗೋಡೆಯ ಹತ್ತಿರದಿಂದ. "ನಿನಗೂ ಗೊತ್ತದ ಬಾವಿನೇ ಮದಲಂತ. ಹಟ ಮಾಡಬ್ಯಾಡ."

ನಾನು ಒಂದು ಕಾಲು ಎತ್ತಿದೆ. ಈಗಲೂ ದಿನಕ್ಕೆ ಹಲವು ಸಲ ಎತ್ತುತ್ತೇನೆ. ಕಾಲೇಜಿನಲ್ಲಿ ಬೋರ್ಡಿನ ಮುಂದೆ ನಿಂತಾಗ, ಬಸ್ಸು ಕಾಯುವಾಗ. ಆ ಕಾಲು ಎಲ್ಲಿ ಬೀಳಬೇಕಿತ್ತು ಎಂಬುದು ನನಗೆ ಸರಿಯಾಗಿ ಗೊತ್ತು. ಆಗ ನೆನಪಾದದ್ದು ಕೊಡೆ ರಿಪೇರಿ ಮಾಡುವ ಕಪ್ಪೆ. ಪ್ರತಿ ಸಲ ಇವಳದೇ ಯಾಕೆ ಗೆಲ್ಲಬೇಕು ಎನ್ನಿಸಿ ಕಾಲನ್ನು ತಿರುಗಿ ಮಣ್ಣಿನ ಮೇಲೆ ಇಟ್ಟೆ.

"ಬರಂಗಿಲ್ಲ" ಎಂದೆ.

ಅದೇ ಹೊತ್ತಿಗೆ ರೊಟ್ಟಿ ಮುರಿಯಿತು.

ಸಾಹುಕಾರರ ಕಾಲ ಬಳಿ, ಗೆರೆಯಿಂದ ಒಂದು ಹೆಜ್ಜೆ ಆಚೆ, ಚಪ್ಪಡಿ ಅಡ್ಡಕ್ಕೆ ಬಿರಿದಿತ್ತು. ಗೆರೆಯ ಹತ್ತಿರವೇ ಇದ್ದ ಬ್ಯಾಂಕಿನ ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು ಒಟ್ಟಿಗೆ ಈ ಕಡೆ ಹಾರಿದರು. ಅಷ್ಟು ಒಮ್ಮತ ಅವರಲ್ಲಿ ನಾನು ಮೊದಲು ಕಂಡಿರಲಿಲ್ಲ. ಅವರು ಹಾರಿದ ರಭಸಕ್ಕೆ ಇನ್ನೊಂದು ಸದ್ದು ಬಂದು, ಕಲ್ಲಿನ ಒಂದು ಬದಿ ಬೆರಳಿನಷ್ಟು ಕೆಳಗೆ ಕುಸಿಯಿತು. ಕೆಳಗಿನಿಂದ ಹಣ್ಣಿನ ವಾಸನೆ ಬಂತು.

"ಹಿಲೋ ನಕ್ಕೋ!" ಎಂದು ಆಪಾ ಕೂಗಿದರು. ತರಗತಿಯಲ್ಲಿ ಕೂಗುವ ಧ್ವನಿ. "ಯಾರೂ ಅಲುಗಾಡಬ್ಯಾಡ್ರಿ!"

ಮೂವರೂ ಅಲುಗಾಡಲಿಲ್ಲ. ಬಿರುಕಿನ ಹತ್ತಿರ ಸಾಹುಕಾರರು. ಅವರ ಹಿಂದೆ ಮಾಸ್ತರರು. ತುದಿಯಲ್ಲಿ ಅಕ್ಕ. ನೇಗಿಲು ಸರಿಯಾಗಿ ಅಕ್ಕನ ಕೆಳಗೆ ಇತ್ತು. ಇದು ಆ ಹೊತ್ತಿಗೆ ಅಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಗೊತ್ತಿದ್ದದ್ದು ನನಗೆ.

ಆಪಾ ಬಗ್ಗಿ ಕಲ್ಲು ನೋಡಿ ಹೇಳಿದರು. "ಸಾವ್ಕಾರ್ ಸಾಬ್, ನೀವು ಮದಲ ಬರ್ರಿ. ಸೀದಾ, ಒಂದು ಹೆಜ್ಜಿ, ಬಿರಕಿನ ಮ್ಯಾಲ ಇಡಬ್ಯಾಡ್ರಿ. ನಿಮ್ಮ ಭಾರ ಹೋದ್ರ ಅವರಿಬ್ಬರೂ ಬರಬಹುದು."

ಸಾಹುಕಾರರು ತಲೆಯಾಡಿಸಿದರು. "ಅದೆಂಗಾಗತದ್ರಿ ಆಪಾ? ನನ್ನ ಮನಿಗಿ ಬಂದ ಮಂದಿನ್ನ ಬಿಟ್ಟು ನಾ ಮದಲ ಹೋಗ್ಲಿ? ಬೀಗರು ಬಿಜ್ಜರು ಮದಲ. ಮನಿಯವ ಆಖರಿಗಿ. ಮಾಸ್ತರ್ರ, ನೀವು ನಡೀರಿ."

"ಎಲ್ಲಿಂದ ನಡೀಲಿ? ನೀವ ಅಡ್ಡ ನಿಂತೀರಿ."

"ನಾ ಬಾಜೂ ಸರೀತೀನಿ."

"ಸರೀಬ್ಯಾಡ್ರಿ!" ಎಂದು ನಾವು ಈ ಕಡೆಯ ನಾಲ್ವರೂ ಒಟ್ಟಿಗೆ ಚೀರಿದೆವು. ಬಾಜೂ ಎಂದರೆ ಕುಸಿದ ಬದಿ.

"ಹಂಗಾರ ನಿಂತಲ್ಲೇ ನಿಂದರತೀನಿ. ಖರೆ ಮದಲ ಹೋಗಂಗಿಲ್ಲ. ನಮ್ಮಪ್ಪ ಈ ಮನಿಯಾಗ ಮಂದಿ ಊಟ ಆಗೋತನ ನೀರು ಸುದ್ದಾ ಕುಡೀತಿರಲಿಲ್ಲ."

ನಮ್ಮ ಕಡೆ ಇದೊಂದು ರೋಗ. ಬಾಗಿಲ ಮುಂದೆ ನೀವು ಮೊದಲು, ಇಲ್ರಿ ನೀವು ಮೊದಲು ಎಂದು ನಿಂತು ಬಸ್ಸು ತಪ್ಪಿಸಿಕೊಂಡವರಿದ್ದಾರೆ. ಬ್ಯಾಂಕಿನ ಗಂಡ ಬೇಡಿಕೊಂಡರು. ನಾನು ಬೇಡಿಕೊಂಡೆ, ಅತ್ತೂಬಿಟ್ಟೆ ಎಂದೇ ನೆನಪು. ಆಪಾ ಭಾರ, ತೊಲೆ, ತುಕ್ಕು ಎಲ್ಲವನ್ನೂ ವಿವರಿಸಿದರು. ಸಾಹುಕಾರರು ಎಲ್ಲದಕ್ಕೂ "ಹೌದ್ರಿ" ಎನ್ನುತ್ತಿದ್ದರು, ಹೆಜ್ಜೆ ಇಡುತ್ತಿರಲಿಲ್ಲ. ಕಲ್ಲಿನ ಕೆಳಗಿನಿಂದ ಮಣ್ಣು ಉದುರುವ ಸದ್ದು ಬರುತ್ತಿತ್ತು, ಜರಡಿ ಹಿಡಿದ ಹಾಗೆ.

ಅಕ್ಕ ತುದಿಯಲ್ಲೇ ನಿಂತಿದ್ದಳು. ಎರಡು ಕೈಗಳನ್ನೂ ಹಿಂದೆ ಕಟ್ಟಿಕೊಂಡಿದ್ದಳು, ಕೋರ್ಟಿನಲ್ಲಿ ತನ್ನ ಸರದಿ ಕಾಯುವಾಗ ನಿಲ್ಲುವ ಹಾಗೆ.

"ಸಾವ್ಕಾರ್ರ" ಎಂದಳು. "ಮಾಸ್ತರ್ರು ಇನ್ನೂ ಗೆರಿ ಗಟ್ಟಿ ಅಂದಿಲ್ಲ. ವಾದ ಮುಗದಿಲ್ಲ. ಹೌದೋ ಅಲ್ಲೋ?"

"ಹೌದ್ರಿ ವಕೀಲ್ರ."

"ಮುದುಕಿ ಸೆರಗಿನ ವಿಷಯ ನಾ ಹೇಳಿದ್ದು ಹಿಂದ ತಗೋತೀನಿ. ಒಂಟಿ ಕಂಬಳಿ ಸಲುವಾಗಿ ಹೇಳ್ತೀನಿ, ಕೇಳ್ರಿ."

ನಾನು ನನ್ನ ಕಿವಿಯನ್ನು ನಂಬಲಿಲ್ಲ. ಚಳಿಗಾಲದಿಂದ ಆ ಒಂಟೆಯನ್ನು ಅವಳು ಹೋದಲ್ಲಿ ಬಂದಲ್ಲಿ ಹಳಿದಿದ್ದಳು.

"ಪಿಕ್ಚರ್ ಶುರುವಾದಾಗ ಆ ಕಂಬಳಿ ಹೆಂಗಿತ್ತು? ದಪ್ಪ. ಕೆಂಪು ಅಂಚು. ಒಂಟಿ ಮರಳಿನ್ಯಾಗ ಹೊಂಟಂಗ ಹೊಂಟಂಗ ಏನಾಗತದ? ಅಂಚು ಹೋಗತದ. ಆಮ್ಯಾಲ ಬಣ್ಣ ಹೋಗತದ. ಆಮ್ಯಾಲ ನೇಯ್ಗಿ ತೆಳ್ಳಗ ಆಗತದ. ಆಖರಿಗಿ ಬಿಸಲು ಕಂಬಳಿ ಒಳಗಿಂದ ಪಾರಾಗಿ ಮರಳಿನ ಮ್ಯಾಲ ಬೀಳತದ. ಏನು ಬೀಳತದ, ಹೇಳ್ರಿ."

ಸಾಹುಕಾರರು ಯೋಚಿಸಿದರು. "ನೆರಳು."

"ಯಾರ ನೆರಳು? ಒಂಟಿ ನೆರಳು ಮಾರ್ಯಾರ. ಅದು ಬಟ್ಟಿ ನೆರಳು. ಎಳಿ ಎಳಿ ಕಾಣಂಗ ತೆಗದಾನ. ಒಂದು ಇಡೀ ಪಿಕ್ಚರ್ ಒಂದು ಬಟ್ಟಿ ಹರಿಯೋದರ ಮ್ಯಾಲ ನಿಂತದ. ನೀವು ನಲವತ್ತು ವರ್ಷ ಬಟ್ಟಿ ಮಾರಿದವರು. ಬಾವಿ ಪಿಕ್ಚರಿನ್ಯಾಗ ಇಂಥಾದು ತೋರಸ್ರಿ ನನಗ."

"ಆದ್ರೂ ವಕೀಲ್ರ," ಎಂದರು ಸಾಹುಕಾರರು, ಬಿರಿದ ಕಲ್ಲಿನ ಮೇಲೆ ನಿಂತು, ನಿಜವಾಗಿಯೂ ತಲೆ ಕೆರೆದುಕೊಂಡು, "ಆ ಮುದುಕಿ ಕೊಡದ ಬಾಯಿಗಿ ಕಟ್ಟಿದ ಅರಿವಿ ಅದಲ್ಲ…"

"ಅರಿವಿ ಛಲೋ ಅದ. ಖರೆ ಒಮ್ಮೆ ಕಟ್ಟಿದ್ದು ಆಖರಿತನ ಹಂಗೇ ಇರತದ. ಹೊಲಸಾಗಂಗಿಲ್ಲ, ಸಡಲಾಗಂಗಿಲ್ಲ. ಅಂಥಾ ಅರಿವಿ ನಿಮ್ಮ ಅಂಗಡಿಯಾಗ ಅದನೂ?"

ಸಾಹುಕಾರರು ಸೋತರು. "ಇಲ್ಲ" ಎಂದರು. "ಒಂಟಿನೇ ಮದಲ." ನೆಟ್ಟಗೆ ಒಂದು ಹೆಜ್ಜೆ ಇಟ್ಟು ಗೆರೆ ದಾಟಿ ಮಣ್ಣಿನ ಮೇಲೆ ಬಂದರು. ಮೊದಲು ಬಂದೆನೆಂಬ ಅಳುಕು ಅವರ ಮುಖದಲ್ಲಿ ಇರಲಿಲ್ಲ. ಅವರು ಜೀವ ಉಳಿಸಿಕೊಂಡು ಬಂದವರಲ್ಲ, ಅಭಿಪ್ರಾಯ ಬದಲಿಸಿ ಬಂದವರು. ಅವರ ಹಿಂದೆ ಮಾಸ್ತರರು ವಾದಕ್ಕೆ ಕಾಯದೆ, ಪಂಚೆ ಎತ್ತಿ ಹಿಡಿದು ಬಿರುಕು ದಾಟಿದರು. ದಾಟುವಾಗ ಕಲ್ಲು ಇನ್ನಷ್ಟು ಕುಸಿಯಿತು.

ಈಗ ಅಕ್ಕ ಒಬ್ಬಳೇ. ಅವಳಿಗೂ ನಮಗೂ ನಡುವೆ ಎರಡು ತುಂಡಾದ ಚಪ್ಪಡಿ, ಒಂದು ತುಂಡು ಇಳಿಜಾರಾಗಿ.

ಸಾಹುಕಾರರು ಬಿಳಿ ಬಟ್ಟೆಯ ಥಾನು ಬಿಚ್ಚಿ ಅದರ ಒಂದು ತುದಿಯನ್ನು ಎಸೆದರು. "ನಡಕ್ಕ ಕಟ್ಟಗೋರಿ. ಹರಿಯಂಗಿಲ್ಲ, ನಮ್ಮ ಅಂಗಡಿ ಮಾಲ್ ಅದು." ಅಕ್ಕ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಈ ಕಡೆ ನಾವು ಆರು ಮಂದಿ ಸಾಲಾಗಿ ಬಟ್ಟೆ ಹಿಡಿದೆವು. ಮುಂದೆ ನಾನು.

ಅವಳು ಬರಲಿಲ್ಲ.

"ಅಕ್ಕಾ, ಬಾ" ಎಂದೆ.

"ನಾ ದಾಟಿದ್ರ ಎಲ್ಲಾರೂ ಒಂಟಿ ಕಡೆ ಆಗತೀರಿ" ಎಂದಳು.

"ಹೌದು."

"ಬಾವಿಗಿ ಒಂದೂ ವೋಟ್ ಇರಂಗಿಲ್ಲ."

"ಅಕ್ಕಾ, ಕೆಳಗ ನೇಗಿಲು ಅದ!"

ಅವಳು ಕೆಳಗೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಆಗ ನನಗೆ ಕಂಡಿತು: ಅವಳಿಗೆ ಮತದ ಚಿಂತೆ ಇರಲಿಲ್ಲ. ಅವಳ ಕಾಲು ಮೇಲೇಳುತ್ತಿರಲಿಲ್ಲ. ಅದನ್ನು ಹೇಳಲಾರದೆ ಮತದ ಮಾತಾಡುತ್ತಿದ್ದಳು. ಸೀರೆಯ ನೆರಿಗೆಗಳು ಮೊಣಕಾಲಿನ ಬಳಿ ನಡುಗುತ್ತಿದ್ದವು. ನನ್ನ ಪಕ್ಕದಲ್ಲಿದ್ದ ಸಾಹುಕಾರರಿಗೂ ಅದು ಕಂಡಿರಬೇಕು. ಅವರು ನೋಡುವುದೇ ನೆರಿಗೆ.

"ಬಾವಿ ನಡದು ಹೊಂಟದ" ಎಂದೆ ನಾನು. ಬೇರೆ ಏನೂ ಹೊಳೆಯಲಿಲ್ಲ. "ಮುದುಕಿ ಏನ್ ಮಾಡ್ತಾಳ? ನಿಂದರತಾಳೇನು? ಹಿಂದ ಹೋಗತಾಳಲ್ಲ. ನಡಿ."

ಅಕ್ಕ ಒಂದು ಕಾಲು ಎತ್ತಿದಳು. ಇಳಿಜಾರಿನ ತುಂಡನ್ನು ಬಿಟ್ಟು, ತೊಲೆಯ ಮೇಲಿನ ಅಂಚಿನಲ್ಲಿ ಕಾಲಿಟ್ಟಳು. ಇನ್ನೊಂದು ಹೆಜ್ಜೆ. ನಾವು ಬಟ್ಟೆ ಎಳೆದುಕೊಳ್ಳುತ್ತಾ ಹೋದೆವು. ಅವಳು ಗೆರೆ ದಾಟಿದಾಗ ನಾನು ಅವಳ ತೋಳು ಹಿಡಿದ ಹಿಡಿತಕ್ಕೆ ಬಂದ ಗುರುತು ಬಹಳ ದಿನ ಇತ್ತು. ಅವಳು ಅದನ್ನು ಕೋರ್ಟಿನಲ್ಲಿ ಸಹೋದ್ಯೋಗಿಗಳಿಗೆ ತೋರಿಸಿ ಹಲ್ಲೆ ಎಂದಳಂತೆ.

ಸಿನಿಮಾದಲ್ಲಾದರೆ ಅವಳು ದಾಟಿದ ಕ್ಷಣಕ್ಕೇ ಕಲ್ಲು ಬೀಳುತ್ತಿತ್ತು. ಹಾಗಾಗಲಿಲ್ಲ. ನಾವು ಕೆಳಗಿಳಿದು, ಮುಂದಿನ ಅಂಗಳದಲ್ಲಿ ಕುಳಿತು, ಚಹಾ ಬಂದು, ಸಾಹುಕಾರರು ಸಕ್ಕರೆ ಸಾಲದೆಂದು ಒಳಗೆ ಕೂಗುತ್ತಿದ್ದಾಗ ಹಿತ್ತಲಿನಲ್ಲಿ ಬಿತ್ತು. ಚಹಾದ ಕಪ್ಪುಗಳು ತಟ್ಟೆಯಲ್ಲಿ ಕುಣಿದವು. ಧೂಳು ಮನೆಯ ಒಳಗಿನಿಂದ ಹಾದು ಅಂಗಳಕ್ಕೆ ಬಂತು.

"ಬಾಳಿಹಣ್ಣು ಹೋದವು" ಎಂದರು ಸಾಹುಕಾರರು.

ನಾವು ಸಕ್ಕರೆ ಕಡಿಮೆಯಿದ್ದ ಚಹಾವನ್ನೇ ಕುಡಿದು ಸಂಜೆಯ ಬಸ್ಸು ಹಿಡಿದೆವು. ಸಿನಿಮಾ ನೋಡಲಿಲ್ಲ.

ಬಸ್ಸಿನಲ್ಲಿ ಅಕ್ಕನನ್ನು ಕೇಳಿದೆ. "ಕಂಬಳಿ ಸಲುವಾಗಿ ಹೇಳಿದ್ಯಲ್ಲ, ಖರೇನಾ?"

"ಕೋರ್ಟಿನ್ಯಾಗ ಹೇಳಿದ್ದು ಹೊರಗ ಕೇಳಬಾರದು" ಎಂದು ಕಿಟಕಿಯ ಕಡೆ ತಿರುಗಿದಳು.

ಆಮೇಲಿನ ದಿನಗಳಲ್ಲಿ ನಾನೊಬ್ಬಳೇ ಕೆಟ್ಟಿರುವಂತೆ ಕಾಣುತ್ತಿತ್ತು. ಸ್ಟೇಶನ್ ಬಜಾರದಲ್ಲಿ ಮೇಲಿನ ಮಹಡಿಯ ಹೋಟೆಲಿಗೆ ಯಾರಾದರೂ ಕರೆದರೆ ಹಸಿವಿಲ್ಲ ಎನ್ನುತ್ತಿದ್ದೆ. ತರಗತಿಯಲ್ಲಿ ಮಕ್ಕಳೆಲ್ಲ ಒಂದೇ ಬದಿಯ ಬೆಂಚುಗಳಲ್ಲಿ ಕುಳಿತರೆ ಎಬ್ಬಿಸಿ ಹಂಚಿ ಕೂರಿಸುತ್ತಿದ್ದೆ. ಅವರು ನಕಲು ತಡೆಯಲು ಎಂದು ತಿಳಿದರು. ಅಕ್ಕ ಮಾತ್ರ ಎಂದಿನಂತೆ ಕೋರ್ಟಿಗೆ ಹೋದಳು, ಎಂದಿನಂತೆ ಗೆದ್ದಳು.

ಫಲಿತಾಂಶ ಉಳಿದಿತ್ತು. ಕಾಯಿದೆಯ ಪ್ರಕಾರ ಏಳಕ್ಕೆ ಏಳೂ ಮತ ಒಂಟೆಗೆ. ನಮ್ಮ ಮಂಡಳಿಯಲ್ಲಿ ಯಾವ ಸಿನಿಮಾಕ್ಕೂ ಅಂಥ ಗೆಲುವು ಸಿಕ್ಕಿರಲಿಲ್ಲ. ಎಲ್ಲರೂ ನನ್ನನ್ನು ಅಭಿನಂದಿಸಿದರು. ನನಗೆ ಅದು ಬೇಡವಾಗಿತ್ತು. ಮಾಸ್ತರರು ತಾವು ಗೆರಿ ಗಟ್ಟಿ ಎಂದೇ ಇಲ್ಲ ಎಂದು ನೆನಪಿಸಿದಾಗ ನಾನೇ ಎಲ್ಲರಿಗಿಂತ ಮೊದಲು ಒಪ್ಪಿದೆ.

ಮತ್ತೆ ಸೇರಿದ್ದು ಒಂದು ಭಾನುವಾರ ಮಧ್ಯಾಹ್ನ, ಸೂಪರ್ ಮಾರ್ಕೆಟ್ಟಿನಲ್ಲಿ, ಅಂಗಡಿಯಲ್ಲೇ. ಮಹಡಿಯ ಗೋದಾಮಿಗೆ ಹೋಗೋಣವೆಂದು ಯಾರೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಶಟರ್ ಎಳೆದು, ಕುರ್ಚಿ ಬದಿಗಿಟ್ಟು, ಮಾಸ್ತರರು ಸಿಮೆಂಟ್ ನೆಲದ ಮೇಲೆ ಗೆರೆ ಎಳೆದರು. ಎಳೆಯುವ ಮೊದಲು ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಕೆಳಗೆ ಏನಿದೆ ಎಂದು ಆಪಾ ಕೇಳಿದರು. "ಭೂಮಿ" ಎಂದರು ಸಾಹುಕಾರರು.

ಅಕ್ಕ ಬಾವಿಯ ಕಡೆ ಹೋದಳು. ನಾನೂ ಅವಳ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಯಾಕ ಇಲ್ಲಿ?"

"ಬಾವಿ ಪಿಕ್ಚರ್ ಛಲೋ ಅದ."

"ಯಾಕ ಛಲೋ ಅದ? ಮೂರು ಕಾರಣ ಹೇಳು."

ಗೆರೆಯ ಆ ಕಡೆ ನಿಂತು ಅವಳನ್ನು ನೋಡುವುದು ನನ್ನಿಂದ ಆಗುವುದಿಲ್ಲ ಎಂಬುದು ಸಿನಿಮಾದ ಬಗೆಗಿನ ಅಭಿಪ್ರಾಯವಲ್ಲ.

"ಅಂಜಿ ಹಾಕೋ ವೋಟ್ ನನಗ ಬ್ಯಾಡ" ಎಂದಳು. "ಹೋಗು ಆ ಕಡೆ. ಒಂಟಿ ಒಂದೇ ನಿಂತದ."

ಒಂಟೆಯ ಕಡೆ ಆಪಾ ಒಬ್ಬರೇ ನಿಂತಿದ್ದರು. "ಆವೋ" ಎಂದು ಜಾಗ ಮಾಡಿಕೊಟ್ಟರು, ಅಷ್ಟು ದೊಡ್ಡ ಅಂಗಡಿಯಲ್ಲಿ. ನಾನು ಗೆರೆ ದಾಟಿದೆ. ಅಕ್ಕ ವಾದ ಮಾಡಿದಳು, ಸೆರಗಿನದೇ ವಾದ. ಕಂಬಳಿಯ ಮಾತೆತ್ತಲಿಲ್ಲ. ನಾನು ನೆರಳಿನ ಬಗ್ಗೆ ಹೇಳಿದೆ. ಸಾಹುಕಾರರು ಎರಡು ಸಲ ಅತ್ತಿತ್ತ ಓಡಾಡಿ ಕೊನೆಗೆ ನಮ್ಮ ಕಡೆ ನಿಂತರು. ಕಂಬಳಿ ತಲೆಯಿಂದ ಹೋಗುತ್ತಿಲ್ಲ ಎಂದರು. ಬ್ಯಾಂಕಿನ ಗಂಡ ಹೆಂಡತಿ ಇಬ್ಬರೂ ಬಾವಿಯ ಕಡೆಯೇ ಉಳಿದರು, ಕೈ ಹಿಡಿದುಕೊಂಡೇ.

"ಗೆರಿ ಗಟ್ಟಿ" ಎಂದರು ಮಾಸ್ತರರು ಬಾವಿಯ ಕಡೆಯಿಂದ. ಮೂರಕ್ಕೆ ನಾಲ್ಕು. ಬಾವಿ ಮೊದಲನೆಯದು, ಒಂಟೆ ಎರಡನೆಯದು. ನಮ್ಮ ಪಟ್ಟಿ ಮುಗಿಯಿತು.

ಗೆದ್ದ ಸಿನಿಮಾ ಹಾಕಿದರು. ಪರದೆ ಅದೇ ಬಿಳಿ ಬಟ್ಟೆ. ಸಾಹುಕಾರರು ಒಗೆಸಿ ಇಸ್ತ್ರಿ ಮಾಡಿಸಿದ್ದರು. ಆದರೂ ಅಕ್ಕನ ಸೊಂಟಕ್ಕೆ ಗಂಟು ಹಾಕಿದ್ದ ಜಾಗದಲ್ಲಿ ಸುಕ್ಕು ಹೋಗಿರಲಿಲ್ಲ. ನಡೆಯುವ ಬಾವಿ ಅಲ್ಲಿಗೆ ಬಂದಾಗಲೆಲ್ಲ ಸ್ವಲ್ಪ ಸೊಟ್ಟಗಾಗಿ ಮತ್ತೆ ಸರಿಹೋಗುತ್ತಿತ್ತು. ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಆ ಸುಕ್ಕನ್ನೇ ನೋಡಿದೆ.

ಮುದುಕಿ ಕೊಡ ಹಿಡಿದು ಊರು ಬಿಡುವ ಹೊತ್ತಿಗೆ ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಎರಡೂ ಕಾಲುಗಳನ್ನು ನೆಲದಿಂದ ಎತ್ತಿ, ಕುರ್ಚಿಯ ಮೇಲೆ ಮಡಚಿಕೊಂಡು, ಸೀರೆಯ ಅಂಚಿನಿಂದ ಮುಚ್ಚಿ ಕುಳಿತಿದ್ದಳು. ಆ ನೆಲದ ಕೆಳಗೆ ಭೂಮಿ ಬಿಟ್ಟರೆ ಏನೂ ಇರಲಿಲ್ಲ.

ನಾನೂ ಕಾಲು ಮೇಲೆ ತೆಗೆದುಕೊಂಡೆ.